ಕೂಗಿತೋ ಕೂಗಿದಳೋ

ನನ್ನ ಹೆಂಡತಿ ದೆವ್ವ. ಗಂಡಸರು ಸಾಮಾನ್ಯವಾಗಿ ನಾಲ್ಕು ಜನರೆದುರು ಹೇಳಿಕೊಳ್ಳುವ ಅರ್ಥದಲ್ಲಿ ನಾನಿದನ್ನು ಹೇಳುತ್ತಿಲ್ಲ. ಅದು ಅವಳ ಉದ್ಯೋಗ. ಬೇರೆ ಭಾಷೆಯ ಚಿತ್ರಗಳನ್ನು, ಹೆಚ್ಚಾಗಿ ಹಾರರ್ ಚಿತ್ರಗಳನ್ನು, ಕನ್ನಡಕ್ಕೆ ಡಬ್ ಮಾಡುವ ಸ್ಟುಡಿಯೋ ಒಂದರಲ್ಲಿ ಹನ್ನೊಂದು ವರ್ಷದಿಂದ ದೆವ್ವಕ್ಕೆ ಧ್ವನಿ ಕೊಡುತ್ತಿದ್ದಾಳೆ. ಬಾವಿಯಿಂದ ಎದ್ದದ್ದು, ಕಪಾಟಿನಲ್ಲಿ ಅಡಗಿ ಕೂತದ್ದು, ಕನ್ನಡಿಯೊಳಗಿಂದ ಕೈ ಚಾಚಿದ್ದು, ಎಲ್ಲ ಇವಳೇ. ನಾನು ಅದೇ ಸ್ಟುಡಿಯೋದಲ್ಲಿ ಅಡಿಬರಹ ಬರೆಯುವವನು. ಕಿವಿ ಕೇಳದವರಿಗೂ ಚಿತ್ರ ಅರ್ಥವಾಗಲಿ ಎಂದು ಪರದೆಯ ಕೆಳಗೆ ಪಾತ್ರಗಳ ಮಾತೂ ಶಬ್ದಗಳೂ ಅಕ್ಷರವಾಗಿ ಓಡುತ್ತವಲ್ಲ, 'ಬಾಗಿಲು ಕಿರುಗುಟ್ಟಿತು', 'ಗಾಳಿ ಬೀಸಿತು', 'ದೆವ್ವ ಕೂಗಿತು' ಎಂದು, ಆ ಅಕ್ಷರಗಳೆಲ್ಲ ನನ್ನವು. ಅವಳು ಕೂಗುತ್ತಾಳೆ, ಕೂಗಿತು ಎಂದು ನಾನು ಬರೆಯುತ್ತೇನೆ. ಸಂಸಾರ ಹೀಗೆ ಗೊತ್ತಾದ ದಾರಿಯಲ್ಲಿ ಸಾಗುತ್ತಿತ್ತು.

ಅದು ದಾರಿ ತಪ್ಪಿದ್ದು ಕೆಳಗಿನ ಮನೆಗೆ ವಿಮೆ ಏಜೆಂಟರು ಬಾಡಿಗೆಗೆ ಬಂದ ಮೇಲೆ. ಹಳಬರಿಗೆ ನಮ್ಮ ಮನೆಯ ಕೂಗು ರೂಢಿಯಾಗಿತ್ತು. ಎದುರು ಮನೆಯ ಅಜ್ಜಿಯಂತೂ ಕೂಗು ಕೇಳಿದರೆ ಹತ್ತು ಗಂಟೆ ಆಯಿತೆಂದು ತಿಳಿದು ಮಾತ್ರೆ ನುಂಗುತ್ತಿದ್ದರು. ಏಜೆಂಟರಿಗೆ ಇದೆಲ್ಲ ಗೊತ್ತಿಲ್ಲ. ಬಂದ ಮೂರನೇ ದಿನ, ಭಾನುವಾರ ಬೆಳಿಗ್ಗೆ, ನನ್ನ ಹೆಂಡತಿ ಮಲಗುವ ಕೋಣೆಯಲ್ಲಿ ಹೊಸ ಚಿತ್ರದ ಕೂಗು ಅಭ್ಯಾಸ ಮಾಡುತ್ತಿದ್ದಾಗ ಅವರು ಪೊಲೀಸರಿಗೆ ಫೋನ್ ಮಾಡಿಬಿಟ್ಟರು. ನಾನು ಬಾಗಿಲು ತೆಗೆದರೆ ಎದುರಿಗೆ ಪೇದೆ. ಅವನ ಬೆನ್ನ ಹಿಂದೆ ಏಜೆಂಟರು, ಬನಿಯನ್ನಿನಲ್ಲಿ.

"ಯಾರ್ರೀ ಕೂಗಿದ್ದು?" ಎಂದ ಪೇದೆ.

"ನಮ್ಮನೇದು ಸಾರ್."

"ಯಾಕೆ ಕೂಗ್ತು?"

"ಕೆಲಸ ಸಾರ್. ಅದು ದೆವ್ವ."

ಪೇದೆ ಜೇಬಿನಿಂದ ಪುಸ್ತಕ ತೆಗೆದು, 'ಹೆಂಡತಿಯನ್ನು ದೆವ್ವ ಎಂದು ಕರೆಯುತ್ತಾನೆ' ಎಂದು ಬರೆದುಕೊಂಡ. ಹೊಡೆಯುವ ಗಂಡಸರೆಲ್ಲ ಹೀಗೇ ಹೇಳೋದು ಎಂದು ಏಜೆಂಟರು ಹಿಂದಿನಿಂದ ಸೇರಿಸಿದರು. ಅಷ್ಟರಲ್ಲಿ ನನ್ನ ಹೆಂಡತಿ ಕೋಣೆಯಿಂದ ಬಂದಳು. ಗಂಟಲಿಗೆಂದು ಬಾಯಿ ತುಂಬ ಬಿಸಿನೀರು ತುಂಬಿಕೊಂಡಿದ್ದಳು. ಪೇದೆ ಕೇಳಿದ ಪ್ರಶ್ನೆಗಳಿಗೆಲ್ಲ ಕೆನ್ನೆ ಉಬ್ಬಿಸಿಕೊಂಡು ತಲೆಯಾಡಿಸಿದಳು, ಕಣ್ಣಲ್ಲಿ ನೀರು ಬೇರೆ.

"ಮಾತಾಡೋಕೂ ಹೆದರ್ತಿದಾರೆ ಪಾಪ," ಎಂದರು ಏಜೆಂಟರು.

ನನಗೆ ತಲೆ ಕೆಟ್ಟುಹೋಯಿತು. ಸಾಕ್ಷಿ ತೋರಿಸುತ್ತೇನೆ ಬನ್ನಿ ಎಂದು ಇಬ್ಬರನ್ನೂ ಒಳಗೆ ಕೂರಿಸಿ, ಅವಳು ಧ್ವನಿ ಕೊಟ್ಟ ಹಿಂದಿನ ಚಿತ್ರವನ್ನು ಟೀವಿಯಲ್ಲಿ ಹಾಕಿ, ಕೊನೆಯ ಹೆಸರುಗಳ ಪಟ್ಟಿಗೆ ಓಡಿಸಿದೆ. ಕಲಾವಿದರ ಹೆಸರು ಹೋದವು, ಅಡುಗೆಯವರ ಹೆಸರು ಹೋದವು. ಕಟ್ಟಕಡೆಗೆ ಒಂದು ಸಾಲು ಬಂತು. 'ಇತರ ಶಬ್ದಗಳು: ಬಾಗಿಲು, ಗಾಳಿ, ದೆವ್ವ, ನಾಯಿ.' ನಾಯಿ ನಮ್ಮ ಸ್ಟುಡಿಯೋ ಮಾಲೀಕರ ಮನೆಯದು, ಅದರ ಮುಂದೆ ಕಂಸದಲ್ಲಿ ಹೆಸರು ಹಾಕಿತ್ತು. ದೆವ್ವಕ್ಕೆ ಇರಲಿಲ್ಲ.

ಆ ಪಟ್ಟಿಯನ್ನು ಟೈಪು ಮಾಡಿದವನೂ ನಾನೇ. ಅದು ಆ ಕ್ಷಣಕ್ಕೆ ನೆನಪಿಗೆ ಬಂತು.

"ಇದರಲ್ಲಿ ಇವರ ಹೆಸರೆಲ್ಲಿದೆ?" ಎಂದ ಪೇದೆ. ಎದ್ದು ಟೋಪಿ ಸರಿ ಮಾಡಿಕೊಂಡ. "ಹೆಸರಿರೋ ಒಂದು ಚಿತ್ರ ತೋರಿಸಿ, ಆಮೇಲೆ ಎಷ್ಟು ಬೇಕಾದ್ರೂ ಕೂಗ್ಲಿ. ಅಲ್ಲೀವರೆಗೂ ಈ ಮನೆಯಿಂದ ಕೂಗು ಕೇಳಿದ್ರೆ ನೀವು ಸ್ಟೇಷನ್ನಿಗೆ."

ಅವರು ಹೋದ ಮೇಲೆ ನನ್ನ ಹೆಂಡತಿ ಬಾಯಲ್ಲಿದ್ದ ನೀರನ್ನು ಉಗಿದು ಬಂದಳು. ಬೀನ್ಸ್ ಹೆಚ್ಚಲು ಕೂತಳು. ಚಾಕು ಮಣೆಗೆ ಬಡಿಯುವ ಸದ್ದಿನಲ್ಲೇ ನನಗೆ ವಿಷಯ ಗೊತ್ತಾಯಿತು.

"ಹನ್ನೊಂದು ವರ್ಷದಿಂದ ಕೇಳ್ತಿದೀನಿ, ಹೆಸರು ಹಾಕ್ಸಿ ಅಂತ. ನಾಯಿ ಮುಂದೆ ಹೆಸರಿದೆ."

"ನಾಳೆ ಮಾಲೀಕರ ಹತ್ರ ಮಾತಾಡ್ತೀನಿ."

"ಹನ್ನೊಂದು ವರ್ಷದಿಂದ ನಾಳೆ." ಚಾಕು ನಿಂತಿತು. "ಹೋದ ತಿಂಗಳು ಹಾಸ್ಯ ಚಿತ್ರ ಡಬ್ ಮಾಡಿದ್ವಲ್ಲ, ಅದರಲ್ಲಿ ಹೆಂಡತಿ ಸೌಟು ಹಿಡ್ಕೊಂಡು ಗಂಡನ ಮೇಲೆ ಕೂಗಾಡ್ತಾಳೆ. ಜನ ಬಿದ್ದು ಬಿದ್ದು ನಕ್ರು. ಈ ಚಿತ್ರದಲ್ಲಿ ಅದೇ ಹೆಂಡತಿ, ಅದೇ ಗಂಡ, ಅದೇ ಸಿಟ್ಟು. ಇವಳು ಸತ್ತಿದಾಳೆ, ಅಷ್ಟೆ. ಹೆಂಗಸು ಬದುಕಿದ್ದಾಗ ಸಿಟ್ಟು ಮಾಡ್ಕೊಂಡ್ರೆ ಹಾಸ್ಯ, ಸತ್ತ ಮೇಲೆ ಮಾಡ್ಕೊಂಡ್ರೆ ಹಾರರ್. ನೀವೆಲ್ಲ ಹೆದರಬೇಕು ಅಂದ್ರೆ ನಾವು ಮೊದಲು ಸಾಯಬೇಕು."

ಈ ಮಾತು ನನಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಮರುದಿನ ಮಾಲೀಕರ ಕೋಣೆಯಲ್ಲಿ ಅದು ನನ್ನದೇ ಮಾತಾಗಿ ಹೊರಗೆ ಬಂತು.

ಮಾಲೀಕರು ಕೆಟ್ಟವರಲ್ಲ. ಅವರಿಗೆ ಎಲ್ಲದಕ್ಕೂ ಒಂದು ಪದ್ಧತಿ ಇರಬೇಕು, ಅಷ್ಟೆ. ನನ್ನ ಕೋರಿಕೆ ಕೇಳಿ ಕನ್ನಡಕ ಒರೆಸಿಕೊಂಡರು. "ನೋಡಿ, ಪಟ್ಟಿಯನ್ನ ನಾವು ಅಡಿಬರಹ ನೋಡ್ಕೊಂಡು ಮಾಡೋದು. ನೀವೇ ಏನು ಬರೀತೀರಿ? ಬಾಗಿಲು ಕಿರುಗುಟ್ಟಿತು. ನಾಯಿ ಬೊಗಳಿತು. ದೆವ್ವ ಕೂಗಿತು. ಕೂಗಿತು ಅಂದ್ರೆ ಶಬ್ದ. ಕೂಗಿದಳು ಅಂದಿದ್ರೆ ಕಲಾವಿದೆ. ನಿಮ್ಮ ವ್ಯಾಕರಣಕ್ಕೆ ನಾನೇನು ಮಾಡ್ಲಿ?"

ಬಡಪಾಯಿ ನಾನು ಸುಮ್ಮನೆ ಎದ್ದು ಬರಬಹುದಿತ್ತು. ಬರಲಿಲ್ಲ. "ಸಾರ್, ಇದು ಬರೀ ವ್ಯಾಕರಣ ಅಲ್ಲ," ಎಂದೆ. "ಹಾರರ್ ಮತ್ತು ಹಾಸ್ಯ ಚಿತ್ರಗಳಲ್ಲಿ ಲಿಂಗ ಮತ್ತು ಸಮಾಜ ಅಂತ ನಾನೊಂದು ವಿಶ್ಲೇಷಣೆ ಮಾಡಿದೀನಿ." ಮಾಡಿರಲಿಲ್ಲ. ಆದರೆ ಬಾಯಿ ಬಿಟ್ಟಾಗಿತ್ತು. ಬೆನ್ನಿಗೇ ಹೆಂಡತಿಯ ಬೀನ್ಸ್ ಹೆಚ್ಚುವ ಹೊತ್ತಿನ ಮಾತನ್ನು ಸ್ವಲ್ಪ ಗಂಭೀರವಾದ ಶಬ್ದಗಳಲ್ಲಿ ಒಪ್ಪಿಸಿದೆ.

ಮಾಲೀಕರು ಕನ್ನಡಕವನ್ನು ಮತ್ತೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು? ವಿಶ್ಲೇಷಣೆ? ನಮ್ಮ ಅತ್ತಿಗೆ ಕಾಲೇಜಲ್ಲಿ ಪ್ರೊಫೆಸರು, ಅವರಿಗೆ ಇಂಥದ್ದೇ ಬೇಕು. ಶುಕ್ರವಾರ ಬೆಳಿಗ್ಗೆ ಹೊಸ ಚಿತ್ರದ ಪ್ರದರ್ಶನ ಇದೆಯಲ್ಲ, ವಿತರಕರೂ ಬರ್ತಾರೆ, ಅತ್ತಿಗೇನೂ ಕರೀತೀನಿ. ವಿಶ್ಲೇಷಣೆ ಬರೆದು ತನ್ನಿ. ಅಡಿಬರಹದಲ್ಲಿ ದೆವ್ವವನ್ನ ಅವಳು ಅಂತ ಮಾಡಿ, ನಾನು ಕಲಾವಿದರ ಪಟ್ಟಿಗೆ ಹಾಕ್ತೀನಿ. ಆದ್ರೆ ಒಂದು ಮಾತು. ಇಡೀ ಚಿತ್ರದಲ್ಲಿ ಒಂದೇ ಥರ ಇರಬೇಕು. ಒಂದು ಕಡೆ ಬಂತು, ಇನ್ನೊಂದು ಕಡೆ ಬಂದಳು ಅಂತಿದ್ರೆ ಎರಡು ದೆವ್ವ ಇದೆ ಅಂದ್ಕೋತಾರೆ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೀರು ತೆಗೆದು, ಶುಕ್ರವಾರ ಉಡುವುದಕ್ಕೆ ಸೀರೆ ಹುಡುಕಲು ಶುರು ಮಾಡಿದಳು. ಹನ್ನೊಂದು ವರ್ಷದಲ್ಲಿ ಅವಳು ಒಂದೇ ಒಂದು ಪ್ರದರ್ಶನಕ್ಕೂ ಬಂದಿರಲಿಲ್ಲ.

ಗುರುವಾರ ನಾನು ಮಾಡಬೇಕಾಗಿದ್ದ ಕೆಲಸ ಎರಡು. ವಿಶ್ಲೇಷಣೆ ಬರೆಯುವುದು, ಅಡಿಬರಹ ತಿದ್ದುವುದು. ವಿಶ್ಲೇಷಣೆಯ ಶೀರ್ಷಿಕೆಯನ್ನೇ ಏಳು ಸಲ ಬದಲಾಯಿಸಿದೆ. ಮೊದಲ ಪುಟದಲ್ಲಿ 'ಪ್ರಸ್ತುತ ಸಂದರ್ಭದಲ್ಲಿ' ಎಂದು ನಾಲ್ಕು ಕಡೆ ಬರೆದೆ, ಓದಿದಾಗ ನನಗೇ ನನ್ನ ಮೇಲೆ ಗೌರವ ಬಂತು. ಮೂರು ಪುಟ ಮುಗಿಯುವಷ್ಟರಲ್ಲಿ ಸಂಜೆ ಐದು. ಅಡಿಬರಹ ಹಾಗೇ ಕೂತಿತ್ತು. ಒಂದೂವರೆ ಗಂಟೆಯ ಚಿತ್ರ, ಎಲ್ಲವನ್ನೂ ಓದುತ್ತ ಕೂರಲು ಹೊತ್ತಿರಲಿಲ್ಲ. ಕಂಪ್ಯೂಟರಿಗೆ ಹೇಳಿದೆ: ಬಂತು ಎಂದಿರುವಲ್ಲೆಲ್ಲ ಬಂದಳು ಮಾಡು. ಹೋಯಿತು ಇದ್ದಲ್ಲಿ ಹೋದಳು. ಬಿತ್ತು, ಬಿದ್ದಳು. ಕೂಗಿತು, ಕೂಗಿದಳು. ತೆರೆಯಿತು, ಕುಣಿಯಿತು, ಇತ್ತು, ಯಾವುದನ್ನೂ ಬಿಡಲಿಲ್ಲ.

ಸಾವಿರದ ನೂರ ನಲವತ್ತಾರು ಕಡೆ ಬದಲಾಯಿಸಿದ್ದೇನೆ ಎಂದಿತು ಕಂಪ್ಯೂಟರು. ಒಂದು ದೆವ್ವ ಅಷ್ಟೊಂದು ಓಡಾಡುತ್ತದೆಯೇ ಎಂದು ಅನುಮಾನ ಬರಬೇಕಿತ್ತು. ಬರಲಿಲ್ಲ. ಪಾಪ, ಎಷ್ಟು ಕೆಲಸ ಮಾಡಿದೆ ನಮ್ಮನೇದು ಎಂದುಕೊಂಡು ದೀಪ ಆರಿಸಿ ಮನೆಗೆ ಬಂದೆ.

ಶುಕ್ರವಾರ ಹತ್ತೂವರೆಗೆ ಸ್ಟುಡಿಯೋದ ಪುಟ್ಟ ಸಭಾಂಗಣ. ಮುಂದಿನ ಸಾಲಿನಲ್ಲಿ ವಿತರಕರು, ಎರಡು ಕುರ್ಚಿಗೆ ಸಾಕಾಗುವ ಮನುಷ್ಯ. ಚಿತ್ರ ಊರೂರಿಗೆ ಹೋಗುವುದೋ ಕಪಾಟಿಗೆ ಹೋಗುವುದೋ ಅವರ ಕೈಯಲ್ಲಿ. ಪಕ್ಕದಲ್ಲಿ ಮಾಲೀಕರು. ಅವರ ಪಕ್ಕದಲ್ಲಿ ಪ್ರೊಫೆಸರ್ ಅತ್ತಿಗೆ, ಮಡಿಲಲ್ಲಿ ನನ್ನ ಮೂರು ಪುಟ. ಹಿಂದಿನ ಸಾಲಿನಲ್ಲಿ ನಾನು, ನನ್ನ ಹೆಂಡತಿ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಅಷ್ಟು ಜನರನ್ನು ಹೆದರಿಸಿದವಳಿಗೆ ಅವತ್ತು ಹೆದರಿಕೆ.

ಚಿತ್ರ ಶುರುವಾಯಿತು. ಅತ್ತೆಮನೆಯವರು ನೀರಿನ ತೊಟ್ಟಿಗೆ ತಳ್ಳಿ ಕೊಂದ ಸೊಸೆ ದೆವ್ವವಾಗಿ ಅದೇ ಮನೆಗೆ ಮರಳುವ ಕಥೆ. ಮೊದಲ ದೃಶ್ಯದಲ್ಲಿ ಗಂಡ ಬೀದಿಯಲ್ಲಿ ಕಾಯುತ್ತಿದ್ದಾನೆ. ಕೆಳಗೆ ಅಕ್ಷರ ಮೂಡಿತು: 'ಬಸ್ ಬಂದಳು.'

ಒಂದೇ ಕಡೆ ಇರಬಹುದು, ಯಾರೂ ನೋಡಿರಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಮಾವ ಮೂಗು ಹಿಡಿದುಕೊಂಡ. 'ಮಾವನಿಗೆ ಸೀನು ಬಂದಳು.' ವಿತರಕರ ಹೆಗಲು ಒಮ್ಮೆ ಅಲುಗಿತು. ಮನೆ ಕತ್ತಲಾಯಿತು. 'ಕರೆಂಟ್ ಹೋದಳು.' ಅಡುಗೆಮನೆಯಲ್ಲಿ ಪಾತ್ರೆ. 'ತಟ್ಟೆ ಬಿದ್ದಳು. ಲೋಟ ಬಿದ್ದಳು. ಸೌಟೂ ಬಿದ್ದಳು.' ವಿತರಕರು ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಆಮೇಲೆ ಅತ್ತೆ ಎದೆ ಬಡಿದುಕೊಂಡು ಅಳುವ ದೃಶ್ಯ ಬಂತು: 'ಅಯ್ಯೋ, ಮನೆಯ ಮರ್ಯಾದೆ ಹೋದಳು.'

"ಅದ್ಭುತ," ಎಂದು ಉಸುರಿದರು ಪ್ರೊಫೆಸರ್ ಅತ್ತಿಗೆ. ಕತ್ತಲಲ್ಲೇ ಬರೆದುಕೊಳ್ಳತೊಡಗಿದರು. "ಮರ್ಯಾದೆ ಹೋದಳು. ಮನೆಯ ಮರ್ಯಾದೆಯ ಭಾರ ಹೆಣ್ಣಿನ ಮೇಲೆ ಅನ್ನೋದನ್ನ ಒಂದೇ ಕ್ರಿಯಾಪದದಲ್ಲಿ ಹೇಳಿಬಿಟ್ರಲ್ಲ."

"ಬಸ್ಸು ಯಾಕೆ ಹೆಣ್ಣು?" ಎಂದು ಮಾಲೀಕರು ಪಿಸುಗುಟ್ಟಿದರು.

"ಎಲ್ಲರ ಭಾರ ಹೊರೋದು ಯಾರು ಮೈದುನ?"

ಮಾಲೀಕರು ತಲೆಯಾಡಿಸಿದರು. ಅರ್ಥವಾಗದೆ ತಲೆಯಾಡಿಸುವವರ ಕತ್ತು ನನಗೆ ಹಿಂದಿನಿಂದ ನೋಡಿದರೂ ಗೊತ್ತಾಗುತ್ತದೆ. ನಾನು ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವಳ ಕೈ ನನ್ನ ಕೈಯಿಂದ ಯಾವಾಗಲೋ ಹೋಗಿತ್ತು.

ಕೊನೆಗೆ ತೊಟ್ಟಿಯ ದೃಶ್ಯ ಬಂತು. ಮೂರು ವಾರ ಅವಳು ಅಭ್ಯಾಸ ಮಾಡಿದ ಕೂಗು. ಪೇದೆ ಬಂದದ್ದು, ಏಜೆಂಟರು ಬೀದಿಗೆಲ್ಲ ನನ್ನನ್ನು ಹೆಂಡತಿ ಬಡಿಯುವವನೆಂದು ಸಾರಿದ್ದು, ಎಲ್ಲ ಈ ಕೂಗಿನಿಂದಲೇ. ನೀರಿನ ತಳದಿಂದ ಸಣ್ಣಗೆ ಎದ್ದು, ಹೆಸರು ಹಿಡಿದು ಕರೆದಂತೆ ಮೇಲೇರಿ, ಎದೆ ಸೀಳಿಕೊಂಡು ಹೊರಬರುವ ಕೂಗು. ಅದು ತುತ್ತತುದಿಗೆ ಏರಿದ ಕ್ಷಣಕ್ಕೆ ಸರಿಯಾಗಿ ಗಂಡ ನಡುಗುತ್ತ ಹೇಳುವ ಮಾತು ಕೆಳಗೆ ಮೂಡಿತು: 'ಅಮ್ಮಾ, ನನಗೆ ವಾಂತಿ ಬಂದಳು.'

ವಿತರಕರು ಕರವಸ್ತ್ರ ಕೈಬಿಟ್ಟರು. ಹೊಟ್ಟೆ ಹಿಡಿದುಕೊಂಡು, ಮುಂದಕ್ಕೆ ಬಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರು ನಕ್ಕರೆಂದು ಮಾಲೀಕರು ನಕ್ಕರು. ಯಂತ್ರ ಓಡಿಸುವವನು ಮೇಲಿನ ಕಿಂಡಿಯಿಂದ ನಕ್ಕ. ಅವಳ ಕೂಗು ಪರದೆಯ ಮೇಲೆ ಇನ್ನೂ ನಡೆಯುತ್ತಲೇ ಇತ್ತು, ಯಾರಿಗೂ ಕೇಳಿಸಲಿಲ್ಲ.

ದೀಪ ಹತ್ತಿತು. ವಿತರಕರು ಕಣ್ಣೊರೆಸಿಕೊಂಡು ಎದ್ದರು. "ಹಾರರ್ ಅಂದಿದ್ರಿ, ನನಗೆ ಗೊತ್ತೇ ಇರ್ಲಿಲ್ಲ ಇಂಥ ಹಾಸ್ಯ ಅಂತ. ಎಲ್ಲ ಊರಲ್ಲೂ ಹಾಕ್ತೀನಿ. ಪೋಸ್ಟರ್ ಮಾತ್ರ ಬದಲಾಯ್ಸಿ, ದೆವ್ವಕ್ಕೆ ಒಂದು ಸೌಟು ಕೊಡಿ."

ಮಾಲೀಕರು ಸೀದಾ ನನ್ನ ಹತ್ತಿರ ಬಂದು ನನ್ನ ಕೈ ಹಿಡಿದು ಕುಲುಕಿದರು. "ಏನ್ರೀ ನೀವು, ಹೇಳೋದಲ್ವಾ? ನಿಮ್ಮನೇದನ್ನ ಕಲಾವಿದರ ಪಟ್ಟೀಲಿ ಎಲ್ಲರಿಗಿಂತ ಮೊದಲು ಹಾಕ್ತೀನಿ."

ಕೆಲಸ ಹೋಗಲಿಲ್ಲ, ಮೇಲಿಂದ ಹೊಗಳಿಕೆ, ಹೆಸರೂ ಬಂತು. ಇದಕ್ಕಿಂತ ಇನ್ನೇನು ಬೇಕು ಒಬ್ಬ ಮನುಷ್ಯನಿಗೆ? ನಾನು ಹಲ್ಲು ಕಿಸಿಯುತ್ತ ಹೆಂಡತಿಯ ಕಡೆ ತಿರುಗಿದೆ. ಅವಳು ಎದ್ದು ನಿಂತಿದ್ದಳು.

"ನನ್ನ ಹೆಸರು ಬೇಡ," ಎಂದಳು.

"ಬೇಡ್ವಾ?" ಎಂದರು ಮಾಲೀಕರು. ಅವಳನ್ನಲ್ಲ, ನನ್ನನ್ನು ಕೇಳಿದರು.

"ಹಾಸ್ಯ ಚಿತ್ರ ಆದ್ರೆ ಬೇಡ. ಬಸ್ಸಿಗೆ ನಗ್ಲಿ, ಸೀನಿಗೆ ನಗ್ಲಿ. ಆ ಕೂಗಿಗೆ ನಗೋದು ನನಗೆ ಬೇಕಾಗಿಲ್ಲ. ಅಡಿಬರಹ ಸರಿ ಮಾಡಿ. ಬೇಕಾದ್ರೆ ನನ್ನನ್ನ ವಾಪಸ್ ನಾಯಿ ಪಕ್ಕಕ್ಕೇ ಹಾಕಿ."

"ಏ, ಸುಮ್ಮನಿರು," ಎಂದು ನಾನು ಸೀರೆಯ ಸೆರಗು ಎಳೆದೆ. ನೋಡಿದಳು. ಬಿಟ್ಟೆ.

ಪ್ರೊಫೆಸರ್ ಅತ್ತಿಗೆ ನನ್ನ ಪುಟಗಳನ್ನು ಎತ್ತಿ ಹಿಡಿದರು. "ಆದರೆ ನಿಮ್ಮ ಯಜಮಾನರೇ ಇಲ್ಲಿ ಬರೆದಿದ್ದಾರಲ್ಲ. ಹೆಂಗಸು ಬದುಕಿದ್ದಾಗ ಸಿಟ್ಟು ಮಾಡಿಕೊಂಡರೆ ಹಾಸ್ಯ, ಸತ್ತ ಮೇಲೆ..."

"ಅದು ನಾನು ಹೇಳಿದ್ದು," ಎಂದಳು. "ಬೀನ್ಸ್ ಹೆಚ್ಚುವಾಗ."

ಅತ್ತಿಗೆ ನನ್ನ ಕಡೆ ನೋಡಿದರು. ಮೂರು ಪುಟವನ್ನು ಮಡಚಿದರು, ಇನ್ನೊಮ್ಮೆ ಮಡಚಿದರು, ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟರು. ಮಾನ ಹೋದಳು ಎಂದು ನನ್ನ ತಲೆಯೊಳಗೇ ಅಡಿಬರಹ ಓಡಿತು.

ವಿತರಕರು ಒಳ್ಳೆಯ ಮಾತಿನಲ್ಲೇ ಹೇಳಿದರು. "ನೋಡಮ್ಮ, ಬೇಜಾರು ಮಾಡ್ಕೋಬೇಡಿ. ಈಗಿನ ಕಾಲಕ್ಕೆ ಕೂಗಿಗೆಲ್ಲ ಯಾರು ಹೆದರ್ತಾರೆ? ಜನಕ್ಕೆ ಅಭ್ಯಾಸ ಆಗಿದೆ. ಕೂಗು ಅಂದ್ರೆ ಬಾಗಿಲು ಕಿರುಗುಟ್ಟಿದ ಹಾಗೆ. ಒಂದು ಶಬ್ದ, ಅಷ್ಟೇ."

ನನ್ನ ಹೆಂಡತಿ ಹನ್ನೊಂದು ವರ್ಷ ಇಂಥ ಮಾತನ್ನು ಕೇಳಿದ್ದಳು. ಅವತ್ತು ಕೇಳಿಸಿಕೊಂಡಳು. ಚೀಲವನ್ನು ನನ್ನ ಕೈಗೆ ಕೊಟ್ಟಳು. ಸಾಲಿನಿಂದ ಹೊರಗೆ ಬಂದು ವಿತರಕರ ಎದುರು, ಒಂದು ಮಾರು ದೂರದಲ್ಲಿ ನಿಂತಳು. ಹಗಲು ಹನ್ನೆರಡು ಗಂಟೆ, ದೀಪಗಳೆಲ್ಲ ಉರಿಯುತ್ತಿವೆ, ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಾಳೆ. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಕೂಗಿದಳು.

ನಾನು ಅದನ್ನು ಮನೆಯಲ್ಲಿ ಗೋಡೆಯ ಆಚೆಯಿಂದ ಕೇಳಿದ್ದೆ, ಸ್ಟುಡಿಯೋದಲ್ಲಿ ಗಾಜಿನ ಆಚೆಯಿಂದ ಕೇಳಿದ್ದೆ. ಅದರ ಎದುರಿಗೆ ನಿಂತದ್ದು ಅವತ್ತೇ ಮೊದಲು. ಸಣ್ಣಗೆ ಶುರುವಾಯಿತು, ಯಾರೋ ಒಳಕೋಣೆಯಿಂದ ಕರೆದ ಹಾಗೆ. ಆಮೇಲೆ ಏರಿತು. ಏರುತ್ತಲೇ ಹೋಯಿತು. ವಿತರಕರು ಒಂದು ಹೆಜ್ಜೆ ಹಿಂದಿಟ್ಟು, ಕುರ್ಚಿ ತಾಗಿ ಕೂತರು, ಕೂತವರು ಜಾರಿದರು, ಎರಡು ಕುರ್ಚಿಯ ನಡುವೆ ನೆಲಕ್ಕೆ ಮುಟ್ಟುವವರೆಗೂ ಜಾರಿದರು. ಮಾಲೀಕರು ಅತ್ತಿಗೆಯ ತೋಳು ಹಿಡಿದುಕೊಂಡರು. ಮೇಲಿನ ಕಿಂಡಿ ದಢಾರನೆ ಮುಚ್ಚಿತು. ನಾನು ಚೀಲವನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿ, ಮದುವೆಯಾದಂದಿನಿಂದ ಮಾಡಿದ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನೆದೆ. ಕೂಗು ನಿಂತಾಗ ನಾನಿನ್ನೂ ಎರಡನೇ ವರ್ಷದಲ್ಲಿದ್ದೆ.

ಅವಳು ಚೀಲದಿಂದ ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದಳು.

"ಈಗ ನಗಿ ನೋಡೋಣ," ಎಂದಳು, ಮಾಮೂಲಿ ದನಿಯಲ್ಲಿ.

ಯಾರೂ ನಗಲಿಲ್ಲ. ಪ್ರೊಫೆಸರ್ ಅತ್ತಿಗೆ ಪುಸ್ತಕ ಮುಚ್ಚಿ ಪೆನ್ನು ಚೀಲಕ್ಕೆ ಹಾಕಿಕೊಂಡರು, ಅವರಿಗೆ ಬರೆದುಕೊಳ್ಳಲು ಏನೂ ಉಳಿದಂತಿರಲಿಲ್ಲ. ನೆಲದಿಂದ ವಿತರಕರ ದನಿ ಬಂತು. "ಹಾರರೇ ಇರ್ಲಿ. ಸೌಟು ಬೇಡ." ಅವರನ್ನು ಎತ್ತಲು ನಾನು, ಮಾಲೀಕರು ಇಬ್ಬರೂ ಬೇಕಾಯಿತು. ಆಮೇಲೆ ಮಾಲೀಕರು ಜೇಬಿನಿಂದ ಪೆನ್ನು ತೆಗೆದು, ಮಡಚಿಟ್ಟಿದ್ದ ನನ್ನ ವಿಶ್ಲೇಷಣೆಯ ಹಿಂಬದಿಯಲ್ಲಿ ಬರೆಯಲು ಸಿದ್ಧರಾದರು.

"ನಿಮ್ಮ ಹೆಸರು ಏನಮ್ಮ?"

ಹನ್ನೊಂದು ವರ್ಷದಿಂದ ಅವರ ಸ್ಟುಡಿಯೋದಲ್ಲಿ ಕೂಗಿದವಳು. ಅವಳು ಹೇಳಿದಳು. ಅವರು ಬರೆದರು. ಅವಳು ಕಾಗದ ತೆಗೆದುಕೊಂಡು ನೋಡಿ, ಒಂದು ಒತ್ತಕ್ಷರ ಸರಿ ಮಾಡಿ, ವಾಪಸ್ ಕೊಟ್ಟಳು.

ನನಗೆ ಸಿಕ್ಕ ಶಿಕ್ಷೆ ಸಾವಿರದ ನೂರ ನಲವತ್ತಾರು. ಒಂದೊಂದನ್ನೂ ಕೈಯಾರೆ ತಿದ್ದಬೇಕು, ಕಂಪ್ಯೂಟರಿಗೆ ಹೇಳುವ ಹಾಗಿಲ್ಲ ಎಂದು ಮಾಲೀಕರ ಆಜ್ಞೆ. ಶನಿವಾರ ಬೆಳಿಗ್ಗೆಯಿಂದ ಊಟದ ಮೇಜಿನ ಮುಂದೆ ಕೂತೆವು. ಅವಳು ಓದುವುದು, ನಾನು ತಿದ್ದುವುದು. ಬಸ್ ಬಂದಳು, ಬಂತು. ಸೀನು ಬಂದಳು, ಬಂತು. ಮರ್ಯಾದೆ ಹೋದಳು ಎಂಬಲ್ಲಿ ಅವಳು ಒಂದು ಕ್ಷಣ ನಿಂತಳು. ಇದು ಹಾಗೇ ಇದ್ರೆ ಏನು ಎಂದಳು. ಆಮೇಲೆ ಬೇಡ, ನಗ್ತಾರೆ ಎಂದು ತಾನೇ ಮುಂದಕ್ಕೆ ಹೋದಳು. ಭಾನುವಾರ ಮಧ್ಯಾಹ್ನಕ್ಕೆ ಬಸ್ಸು, ಕರೆಂಟು, ತಟ್ಟೆ, ಲೋಟ ಎಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ಉಳಿದದ್ದು ದೆವ್ವ.

"ದೆವ್ವ ಕೂಗಿದಳು. ಇದನ್ನ ಹೀಗೇ ಬಿಡ್ಲಾ?" ಎಂದೆ.

ಅವಳು ಲೋಟದ ಬಿಸಿನೀರು ಊದಿಕೊಳ್ಳುತ್ತ ಯೋಚನೆ ಮಾಡಿದಳು. "ನಿಮ್ಮ ಮಾಲೀಕರಿಗೆ ಏನಂತೀರಿ? ಬಂದರು, ಹೋದರು, ಸಹಿ ಹಾಕಿದರು. ಅಲ್ವಾ?"

"ಹೌದು."

"ಪೇದೆಗೆ?"

"ಅವರಿಗೂ ಹಾಗೇ." ಈ ಕಥೆಯಲ್ಲಿ ಬಿಟ್ಟು.

"ಮತ್ತೆ ಬರೀರಿ."

ಬರೆದೆ. ಸೋಮವಾರ ಬೆಳಿಗ್ಗೆ ಕಳಿಸಿದೆ. ಹನ್ನೊಂದು ಗಂಟೆಗೆ, ನಾನು ರಜಾ ಹಾಕಿ ಮನೆಯಲ್ಲಿದ್ದಾಗ, ಮಾಲೀಕರ ಫೋನ್ ಬಂತು.

"ಏನ್ರೀ ಇದು? ದೆವ್ವ ಬಂದರು, ದೆವ್ವ ಕೂಗಿದರು ಅಂತ ಇದೆ. ಒಟ್ಟು ಎಷ್ಟು ದೆವ್ವ ಇದೆ ಈ ಚಿತ್ರದಲ್ಲಿ?"

"ಒಬ್ಬರೇ ಸಾರ್," ಎಂದೆ.

ಆ ಕಡೆ ಕನ್ನಡಕ ಒರೆಸಿಕೊಳ್ಳುತ್ತಿದ್ದಿರಬೇಕು.

"ಸರಿ, ಹಾಗೇ ಇರ್ಲಿ," ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಮನೇಲಿದಾರಾ?"

"ಇದಾರೆ ಸಾರ್," ಎಂದೆ, ನಾನೂ ದನಿ ತಗ್ಗಿಸಿ.